ಮನೆಗೆ ಪೆಪ್ಪರ್ ಗ್ರೈಂಡರ್: ಯಾವ ಥರದ್ದು ತಗೊಳ್ಳಲಿ?

ಅಡುಗೆಮನೆ ಕಿಟಕಿ

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಗಟ್ಟಿಮುಟ್ಟಾದ ಪೆಪ್ಪರ್ ಗ್ರೈಂಡರ್ ಹುಡುಕುತ್ತಿದ್ದೇನೆ. ಕೈಯಲ್ಲಿ ತಿರುಗಿಸಿ ಕಾಳುಮೆಣಸು ಪುಡಿ ಮಾಡುತ್ತೇವಲ್ಲ, ಅದು. ಮಿಕ್ಸಿ ಅಲ್ಲ.

ಈಗ ಇರುವುದು ಮರದ್ದು. ನೋಡಲು ಲಕ್ಷಣವಾಗಿದೆ, ಕೆಲಸದ ಬಗ್ಗೆ ಮಾತ್ರ ಕೇಳಬೇಡಿ. ತಲೆಯ ಮೇಲೆ ಒಂದು ಸಣ್ಣ ಗುಂಡಿ ಇದೆ. ಬಿಗಿ ಮಾಡಿದರೆ ನುಣ್ಣಗೆ, ಸಡಿಲ ಮಾಡಿದರೆ ತರಿ. ನುಣ್ಣಗೆ ಬರುವ ಹಾಗೆ ಇಟ್ಟುಕೊಂಡು ಶುರು ಮಾಡುತ್ತೇನೆ. ಸ್ವಲ್ಪ ಹೊತ್ತಿಗೆ ಗುಂಡಿ ತಾನೇ ಸಡಿಲವಾಗಿ ಅರ್ಧಂಬರ್ಧ ಒಡೆದ ಕಾಳು ತಟ್ಟೆಗೆ ಬೀಳುತ್ತವೆ. ಸಿಟ್ಟು ಬಂದು ಗಟ್ಟಿಯಾಗಿ ಬಿಗಿದರೆ ಗ್ರೈಂಡರ್ ತಿರುಗುವುದೇ ಇಲ್ಲ. ಕಾಳು ತುಂಬಲು ಅದೇ ಗುಂಡಿಯನ್ನು ಬಿಚ್ಚಬೇಕು. ಹಾಗಾಗಿ ತುಂಬಿದಾಗಲೆಲ್ಲ ಅಳತೆಯನ್ನು ಮೊದಲಿನಿಂದ ಹುಡುಕಬೇಕು.

ನಮ್ಮ ಬಳಕೆ ಹೀಗಿದೆ. ಮೊಟ್ಟೆ, ಸೂಪ್, ಸಲಾಡ್ ಮೇಲೆ ದಿನಾ ಸ್ವಲ್ಪ ಸ್ವಲ್ಪ. ಆಗಾಗ ಒಂದೆರಡು ಚಮಚ ತರಿ ಪುಡಿ ಒಟ್ಟಿಗೇ ಬೇಕಾಗುತ್ತದೆ. ಅಮ್ಮನೂ ಬಳಸುತ್ತಾರೆ. ಅವರಿಗೆ ಬೆರಳಿನ ಗಂಟುಗಳಲ್ಲಿ ನೋವು, ಸಣ್ಣ ಗುಂಡಿ ಹಿಡಿದು ತಿರುಚುವುದು ಕಷ್ಟ.

ಸ್ಟೀಲ್ ಹಲ್ಲು ಒಳ್ಳೆಯದೋ, ಸೆರಾಮಿಕ್ಕೋ? ಉದ್ದ ಇದ್ದಷ್ಟೂ ಚೆನ್ನಾಗಿ ಅರೆಯುತ್ತದಾ? ಬ್ಯಾಟರಿಯದ್ದು ಬರೀ ಶೋಕಿನಾ? ಉಪ್ಪಿಗೂ ಅದನ್ನೇ ಬಳಸಬಹುದಾ? ಆನ್‌ಲೈನ್ ವಿಮರ್ಶೆ ಓದಿ ಓದಿ ತಲೆ ಕೆಟ್ಟಿದೆ. ಒಂದೇ ಗ್ರೈಂಡರಿಗೆ ಒಬ್ಬರು ಐದು ಸ್ಟಾರ್, ಇನ್ನೊಬ್ಬರು ಒಂದು ಸ್ಟಾರ್. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಎರಡು ಸೌಟು

ಕುಟ್ಟಾಣಿ ಇಲ್ವಾ ಮನೆಯಲ್ಲಿ? ಒಂದೆರಡು ಚಮಚ ತರಿ ಪುಡಿಗೆ ಅದಕ್ಕಿಂತ ಬೇಗ ಯಾವುದೂ ಇಲ್ಲ. ಕಾಳು ಹಾಕಿ, ಮೊದಲು ಮೆಲ್ಲಗೆ ಒತ್ತಿ ಒಡೆಯಿರಿ, ಆಮೇಲೆ ಕುಟ್ಟಿ. ಮೊದಲೇ ಜೋರಾಗಿ ಕುಟ್ಟಿದರೆ ಕಾಳು ಸಿಡಿದು ಒಲೆಯ ಕೆಳಗೆ ಸೇರುತ್ತವೆ. ಸ್ಪ್ರಿಂಗ್ ಇಲ್ಲ, ಗುಂಡಿ ಇಲ್ಲ, ರಿಪೇರಿ ಇಲ್ಲ. ಒರೆಸಿ ಇಟ್ಟರೆ ಆಯಿತು. ಸುಮ್ನೆ ಯಾಕೆ ಇನ್ನೊಂದು ಸಾಮಾನು?

ಹಳೇ ಫಿಟ್ಟರ್

ಕುಟ್ಟಾಣಿ ಬಗ್ಗೆ ನನಗೆ ತಕರಾರಿಲ್ಲ. ಒಟ್ಟಿಗೆ ಜಾಸ್ತಿ ಬೇಕಾದಾಗ ನಾನೂ ಅದನ್ನೇ ತೆಗೆಯುತ್ತೇನೆ. ಆದರೆ ತಟ್ಟೆಯಲ್ಲಿರುವ ಒಂದು ಮೊಟ್ಟೆಗೆ ಚಿಟಿಕೆ ಮೆಣಸು ಬೇಕಾದಾಗ ಕುಟ್ಟಾಣಿ ತೊಳೆದು ಒರೆಸಿ ಕೂರುವವರು ಯಾರು? ಒಂದು ದಿನ ಮಾಡುತ್ತೇವೆ. ಮರುದಿನ ಡಬ್ಬಿಯ ಹಳೆ ಪುಡಿಯನ್ನೇ ಉದುರಿಸುತ್ತೇವೆ. ಮೆಣಸಿನ ಘಮ ಇರುವುದು ಹಾರಿಹೋಗುವ ಎಣ್ಣೆಯಲ್ಲಿ. ಕಾಳು ಇಡಿಯಾಗಿದ್ದರೆ ಅದು ಒಳಗೇ ಇರುತ್ತದೆ, ಪುಡಿಯಾದ ಕೂಡಲೇ ಹೋಗಲು ಶುರು. ಖಾರ ಬೇರೆ. ಅದು ಪೈಪರಿನ್ ಎಂಬ ವಸ್ತುವಿನದು, ಅಷ್ಟು ಸುಲಭಕ್ಕೆ ಹಾರುವುದಿಲ್ಲ. ಅದಕ್ಕೇ ಹಳೆ ಪುಡಿ ನಾಲಿಗೆಗೆ ಚುರುಕ್ ಅನ್ನುತ್ತದೆ, ಮೂಗಿಗೆ ಏನೂ ಸಿಗುವುದಿಲ್ಲ. ಕೈಗೆಟಕುವಂತೆ ಗ್ರೈಂಡರ್ ಬೇಕಾಗಿರುವುದು ಇದಕ್ಕೆ.

ಈಗ ನಿಮ್ಮ ಗ್ರೈಂಡರಿನ ಕಾಯಿಲೆ. ನಾನು ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿದವನು, ಏನೇ ಕೈಗೆ ಸಿಕ್ಕರೂ ಬಿಚ್ಚಿ ನೋಡುವ ಚಟ. ತಲೆಯ ಮೇಲೆ ಗುಂಡಿ ಇರುವ ಗ್ರೈಂಡರ್ ಒಳಗೆ ನೋಡಿ. ನಡುವೆ ಒಂದು ಸರಳು. ಅದರ ಕೆಳತುದಿಯಲ್ಲಿ ಒಳಗಿನ ಹಲ್ಲು. ಅದರ ಸುತ್ತ ಮೈಗೆ ಕೂರಿಸಿದ ಹಲ್ಲಿನ ಉಂಗುರ. ಎರಡರ ನಡುವಿನ ಸಂದಿಯಲ್ಲೇ ಕಾಳು ಅರೆಯುವುದು. ಒಂದು ಸ್ಪ್ರಿಂಗ್ ಒಳಗಿನ ಹಲ್ಲನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ಮೇಲಿನ ಗುಂಡಿ ಬಿಗಿ ಮಾಡಿದರೆ ಸರಳು ಮೇಲೇಳುತ್ತದೆ, ಸಂದಿ ಕಿರಿದಾಗುತ್ತದೆ, ಪುಡಿ ನುಣ್ಣಗಾಗುತ್ತದೆ.

ತೊಂದರೆ ಏನೆಂದರೆ, ಅದೇ ಗುಂಡಿ ಗ್ರೈಂಡರಿನ ತಲೆಯನ್ನೂ ಮೈಗೆ ಒತ್ತುತ್ತದೆ. ಒಂದು ತಿರುಪಿಗೆ ಎರಡು ಕೆಲಸ. ನುಣ್ಣಗೆ ಬೇಕೆಂದು ಬಿಗಿದಷ್ಟೂ ಮರ ಮರಕ್ಕೆ ಉಜ್ಜುತ್ತದೆ. ನಿಮ್ಮದು ತಿರುಗದೆ ನಿಲ್ಲುವುದು ಇದಕ್ಕೆ, ಕಾಳು ಗಟ್ಟಿ ಎಂದಲ್ಲ. ಇನ್ನು ಸಡಿಲವಾಗುವುದು. ತಲೆಯಲ್ಲಿ ಒಂದು ಚೌಕ ತೂತಿರುತ್ತದೆ, ಸರಳೂ ಚೌಕ. ತೂತು ಸವೆದರೆ ತಲೆ ಮೊದಲು ಚೂರು ತಿರುಗುತ್ತದೆ, ಸರಳು ಆಮೇಲೆ ತಿರುಗುತ್ತದೆ. ಆ ಚೂರು ಆಟವೇ ಪ್ರತಿ ಸುತ್ತಿಗೂ ಗುಂಡಿಯನ್ನು ಹಿಂದಕ್ಕೆ ತಳ್ಳುತ್ತದೆ. ತಲೆಯನ್ನು ಹಿಡಿದು ಆಚೆ ಈಚೆ ಅಲ್ಲಾಡಿಸಿ ನೋಡಿ. ಕೆಳಗಿನ ಹಲ್ಲು ಅಲುಗದೆ ತಲೆ ಮಾತ್ರ ಅಲುಗಿದರೆ ಅದೇ ರೋಗ.

ಹಾಗಾಗಿ ಹೊಸದು ತಗೊಳ್ಳುವಾಗ ನನ್ನ ಮೊದಲ ಮಾತು: ಅಳತೆ ಬದಲಿಸುವ ತಿರುಪು ಬುಡದಲ್ಲಿರಲಿ, ತಲೆಯ ಮೇಲೆ ಬೇಡ. ಪೂಜೋ ಕಂಪನಿಯ ಕೆಲವು ಗ್ರೈಂಡರುಗಳಲ್ಲಿ ಬುಡದಲ್ಲಿ ಒಂದು ಉಂಗುರ ಇರುತ್ತದೆ, ತಿರುಗಿಸಿದರೆ 6 ಅಳತೆಗಳು ಸಿಗುತ್ತವೆ. ಯೂನಿಕಾರ್ನ್ ಮ್ಯಾಗ್ನಮ್ ಎಂಬ ಅಮೆರಿಕದ ಗ್ರೈಂಡರಿನಲ್ಲಿ ಅಡಿಯಲ್ಲಿ ಒಂದು ತಿರುಪು. ಮೈ ಪ್ಲಾಸ್ಟಿಕ್, ಅಂದ ಅಂತ ಏನಿಲ್ಲ, ಆದರೆ ಒಂದು ಸುತ್ತಿಗೆ ಉದುರುವ ಪುಡಿ ನೋಡಿದರೆ ಅಂದದ ಚಿಂತೆ ಬಿಟ್ಟುಹೋಗುತ್ತದೆ. ಎರಡರಲ್ಲೂ ಕಾಳು ತುಂಬುವಾಗ ಅಳತೆ ಹಾಗೇ ಉಳಿಯುತ್ತದೆ.

ಎರಡನೆಯದು ಹಲ್ಲು. ಒಳ್ಳೆಯ ಸ್ಟೀಲ್ ಹಲ್ಲಿನಲ್ಲಿ ಎರಡು ಸಾಲು ಇರುತ್ತದೆ. ಮೇಲೆ ದೊಡ್ಡ ಸುರುಳಿ ಗೆರೆಗಳು, ಅವು ಕಾಳನ್ನು ಹಿಡಿದು ಕೆಳಕ್ಕೆ ಎಳೆದು ಒಡೆಯುತ್ತವೆ. ಕೆಳಗೆ ಸಣ್ಣ ಹಲ್ಲು, ಅವು ಒಡೆದ ಚೂರನ್ನು ಕತ್ತರಿಸಿ ಪುಡಿ ಮಾಡುತ್ತವೆ. ಪೂಜೋದವರು 1840ರಲ್ಲಿ ಕಾಫಿ ಅರೆಯುವ ಗಿರಣಿ ಮಾಡಿದರು, 1874ರಲ್ಲಿ ಮೆಣಸಿನದು. ಹೌದು, ಅದೇ ಕಾರಿನ ಪೂಜೋ. ಕಾರು ಆಮೇಲೆ ಬಂತು. ಮೊದಲು ಗರಗಸ ಮಾಡುತ್ತಿದ್ದವರು, ಉಕ್ಕಿಗೆ ಹಲ್ಲು ಕೊರೆಯುವುದು ಗೊತ್ತಿತ್ತು.

ಸೆರಾಮಿಕ್ ಕೆಟ್ಟದ್ದೇನಲ್ಲ. ಉಕ್ಕಿಗಿಂತ ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಆದರೆ ಅದರಲ್ಲಿ ಉಕ್ಕಿನಷ್ಟು ಚೂಪಾದ ಅಂಚು ಮಾಡುವುದು ಕಷ್ಟ. ಹಾಗಾಗಿ ಅದು ಕಾಳನ್ನು ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತದೆ. ಕೆಳಗೆ ಬಿದ್ದರೆ ಚೂರು ಎದ್ದೀತು. ಬರೀ ಮೆಣಸಿಗೆ ಎಂದರೆ ನಾನು ಸ್ಟೀಲ್ ಕಡೆ. ಉಪ್ಪೂ ಹಾಕುತ್ತೀರಿ ಎಂದರೆ ಸೆರಾಮಿಕ್ ಬಿಟ್ಟು ಬೇರೆ ಬೇಡ.

ಹುಷಾರಾಗಿರಬೇಕಾದ್ದು ಸ್ಟೀಲಿನ ಹಾಗೆ ಕಾಣುವ ಸತುವಿನ ಮಿಶ್ರಲೋಹದ ಬಗ್ಗೆ. ಅಚ್ಚಿಗೆ ಹೊಯ್ದು ಮಾಡಿದ ಹಲ್ಲು, ಅಂಚು ಮೊಂಡು, ಬೇಗ ಸವೆಯುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಗಟ್ಟಿ ಮಾಡಿದ ಉಕ್ಕಿಗೆ ಅದು ಟಪ್ ಎಂದು ಅಂಟುತ್ತದೆ, ಸತುವಿಗೆ ಅಂಟುವುದಿಲ್ಲ. ಅಂಟದ ಸ್ಟೇನ್‌ಲೆಸ್ ಸ್ಟೀಲೂ ಇದೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಹಲ್ಲಿನ ಅಂಚಿಗೆ ಉಗುರು ಎಳೆಯಿರಿ. ಚೂಪಾಗಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಅಚ್ಚಿನ ಜೋಡಣೆಯ ಗೆರೆ ಕಂಡರೆ ವಾಪಸ್ ಇಟ್ಟುಬಿಡಿ.

ಮೂರನೆಯದನ್ನು ಯಾರೂ ನೋಡುವುದಿಲ್ಲ. ಗ್ರೈಂಡರನ್ನು ತಲೆಕೆಳಗು ಮಾಡಿ, ಹಲ್ಲಿನ ಸಂದಿ ನೋಡುತ್ತಾ ನಿಧಾನಕ್ಕೆ ತಿರುಗಿಸಿ. ಒಳಗಿನ ಹಲ್ಲು ಉಂಗುರದ ಸರಿ ನಡುವೆ ಇರಬೇಕು. ತಿರುಗುವಾಗ ಸಂದಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಆದರೆ ಪುಡಿ ಯಾವತ್ತೂ ಸಮ ಬರುವುದಿಲ್ಲ. ಅಗಲದ ಕಡೆಯಿಂದ ದಪ್ಪ ಚೂರು, ಕಿರಿದಾದ ಕಡೆಯಿಂದ ಧೂಳು. ಇದನ್ನು ತರಿ ಅಳತೆಗೆ ಇಟ್ಟು ನೋಡಬೇಕು. ನುಣ್ಣಗೆ ಇಟ್ಟಾಗ ಎರಡೂ ಹಲ್ಲು ಹತ್ತಿರ ಇರುವುದರಿಂದ ಒಂದಕ್ಕೊಂದು ಆಧಾರ. ತರಿಗೆ ಇಟ್ಟಾಗ ಒಳಗಿನದು ಸ್ಪ್ರಿಂಗ್ ಮೇಲೆ ತೂಗಾಡುತ್ತದೆ. ಬಹಳಷ್ಟು ಗ್ರೈಂಡರುಗಳು ಸೋಲುವುದು ತರಿಯಲ್ಲೇ. ಕಾಳು ಹಾಕಿ ನೋಡಲು ಬಿಟ್ಟರೆ ಬಿಳಿ ಕಾಗದದ ಮೇಲೆ ತರಿ ಅಳತೆಯಲ್ಲಿ ಅರೆದು, ಕಾಗದ ಮೆಲ್ಲಗೆ ತಟ್ಟಿ. ಧೂಳು ಒಂದು ಕಡೆ, ಚೂರು ಒಂದು ಕಡೆ ಬೇರೆಯಾಗುತ್ತದೆ. ಸ್ವಲ್ಪ ಧೂಳು ಎಲ್ಲದರಲ್ಲೂ ಇದ್ದೇ ಇರುತ್ತದೆ. ಅರ್ಧಕ್ಕರ್ಧ ಇದ್ದರೆ ಬೇಡ.

ಉದ್ದದ ವಿಚಾರ. ಹೋಟೆಲಿನಲ್ಲಿ ಮೊಳದುದ್ದದ ಗ್ರೈಂಡರ್ ಹಿಡಿದು ಬರುವವರನ್ನು ನೋಡಿ ಮರುಳಾಗಬೇಡಿ. ಉದ್ದ ಇದ್ದರೆ ಕಾಳು ಜಾಸ್ತಿ ಹಿಡಿಸುತ್ತದೆ, ಮೇಜಿನಾಚೆಗೆ ಕೈ ಎಟಕುತ್ತದೆ, ಅಷ್ಟೇ. ಅರೆಯುವುದು ಬುಡದ ಹಲ್ಲು. ಹಲ್ಲಿನ ಅಗಲ ಜಾಸ್ತಿ ಇದ್ದರೆ ಒಂದು ಸುತ್ತಿಗೆ ಜಾಸ್ತಿ ಪುಡಿ. ಮನೆಗೆ 15ರಿಂದ 20 ಸೆಂಟಿಮೀಟರ್ ಧಾರಾಳ ಸಾಕು.

ನಿಧಾನಸ್ಥ

ಫಿಟ್ಟರ್ ಸರ್ ಬರೆದಿದ್ದು ಓದಿ ನಮ್ಮ ಮನೆಯದನ್ನೂ ತಲೆಕೆಳಗು ಮಾಡಿ ನೋಡಿದೆ. ಸಂದಿ ಸಮವಾಗಿಯೇ ಇದೆ, ನೆಮ್ಮದಿ. ಮೇಜಿನ ಮೇಲೆಲ್ಲಾ ಪುಡಿ ಬಿತ್ತು, ಅದು ಬೇರೆ ಮಾತು.

ಬ್ಯಾಟರಿಯದ್ದರ ಪರವಾಗಿ ಒಂದು ಮಾತು ಹೇಳುತ್ತೇನೆ. ಎಲ್ಲರೂ ಅದನ್ನು ಆಟಿಕೆ ಎನ್ನುತ್ತಾರೆ. ನನಗೆ ಮಣಿಕಟ್ಟಿನ ತೊಂದರೆ ಇದೆ, ತಿರುಚುವ ಕೆಲಸ ಆಗುವುದಿಲ್ಲ. ಒಂದು ಕೈಯಲ್ಲಿ ಬಾಣಲೆ ಹಿಡಿದು ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದರೆ ಮೆಣಸು ಬೀಳುತ್ತದೆ. ಇದು ಸಣ್ಣ ವಿಷಯವಲ್ಲ. ನಿಧಾನ, ಒಪ್ಪುತ್ತೇನೆ. ಎರಡು ಚಮಚ ಬೇಕೆಂದರೆ ಅದರ ಗುರ್ ಗುರ್ ಕೇಳುತ್ತಾ ನಿಲ್ಲಬೇಕು. ಆದರೆ ತಟ್ಟೆಗೆ ಉದುರಿಸಲು ಬಹಳ ಸುಖ.

ಬಗ್ಗಿಸಿದರೆ ತಾನೇ ಚಾಲೂ ಆಗುವ ಥರ ಬೇಡ. ಡ್ರಾಯರಿನಲ್ಲಿ ಅಡ್ಡ ಬಿದ್ದರೂ ತಿರುಗುತ್ತಾ ಇರುತ್ತದೆ. ಗುಂಡಿ ಒತ್ತುವುದನ್ನೇ ತಗೊಳ್ಳಿ. ಜಾಸ್ತಿ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ತಗಡು ಹಾಳು.

ಅಂದಹಾಗೆ, ಮೆಣಸಿನಿಂದ ಪೈಪರಿನ್ ಅನ್ನು 1819ರಲ್ಲಿ ಬೇರ್ಪಡಿಸಿದವರು ಡೆನ್ಮಾರ್ಕಿನ ಓರ್ಸ್ಟೆಡ್. ಮರುವರ್ಷವೇ ಅವರು ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಎಂದು ತೋರಿಸಿದರು. ಮೋಟಾರಿನ ಕಥೆ ಶುರುವಾಗುವುದು ಅಲ್ಲಿಂದ. ಬ್ಯಾಟರಿ ಪೆಪ್ಪರ್ ಗ್ರೈಂಡರಿಗೆ ಅವರ ಫೋಟೋ ಅಂಟಿಸಬೇಕು, ಅಲ್ವಾ?

ಹಳೇ ಫಿಟ್ಟರ್

ಓರ್ಸ್ಟೆಡ್ ವಿಚಾರ ಚೆನ್ನಾಗಿದೆ, ನಿಧಾನಸ್ಥರೇ. ಬ್ಯಾಟರಿಗೆ ನನ್ನ ವಿರೋಧವಿಲ್ಲ. ಕೈಗೆ ಆಗದವರಿಗೆ ಅದು ಬೇಕೇ ಬೇಕು. ನನ್ನ ದೂರು ಅದರ ಹಲ್ಲಿನ ಮೇಲೆ. ಮೋಟಾರು ಸಣ್ಣದು, ಅದಕ್ಕೆ ತಕ್ಕಂತೆ ಹಲ್ಲೂ ಸಣ್ಣದು ಹಾಕುತ್ತಾರೆ. ನಿಧಾನ ಆಗುವುದು ಅದಕ್ಕೆ.

ಅಮ್ಮನವರ ಬೆರಳಿಗೆ ಇನ್ನೂ ಎರಡು ದಾರಿ ಇವೆ. ಒಂದು, ಹಿಡಿ ಇರುವ ಗ್ರೈಂಡರ್. ಮೇಲೆ ಅಥವಾ ಪಕ್ಕದಲ್ಲಿ ಒಂದು ತೋಳು ಇರುತ್ತದೆ, ಅದನ್ನು ಸುತ್ತಿಸಬೇಕು. ಲೆಕ್ಕ ಸರಳ. 4 ಸೆಂಟಿಮೀಟರ್ ಅಗಲದ ತಲೆ ತಿರುಗಿಸುವಾಗ ನಿಮ್ಮ ಬೆರಳು ನಡುವಿನಿಂದ 2 ಸೆಂಟಿಮೀಟರ್ ದೂರ. 6 ಸೆಂಟಿಮೀಟರ್ ತೋಳಿದ್ದರೆ ಅದೇ ಕೆಲಸಕ್ಕೆ ಮೂರನೇ ಒಂದು ಭಾಗ ಬಲ ಸಾಕು. ಇನ್ನೂ ಮುಖ್ಯ ಏನೆಂದರೆ, ತಲೆ ತಿರುಚುವಾಗ ಅರ್ಧ ಸುತ್ತಿಗೊಮ್ಮೆ ಬಿಟ್ಟು ಮತ್ತೆ ಹಿಡಿಯಬೇಕು. ಗಂಟು ನೋವಿಗೆ ಕಾಟ ಕೊಡುವುದು ಈ ಬಿಟ್ಟು ಹಿಡಿಯುವ ಕೆಲಸವೇ. ತೋಳಿದ್ದರೆ ಕೈ ಎತ್ತದೆ ಸುತ್ತಬಹುದು. ಫ್ರಾನ್ಸಿನ ಪರ್ಫೆಕ್ಸ್ ಈ ಜಾತಿಯದು. ಅಲ್ಯೂಮಿನಿಯಂ ಮೈ, ಕಾಳು ಹಾಕಲು ಪಕ್ಕದಲ್ಲಿ ಎಳೆಯುವ ಸಣ್ಣ ಬಾಯಿ. ಗ್ರೀಸಿನ ಅಟ್ಲಾಸ್ ಎಂಬ ಹಿತ್ತಾಳೆಯದ್ದೂ ಇದೆ, ಉದ್ದ ಕೊಳವೆಯ ಮೇಲೆ ತೋಳು. ಹಿತ್ತಾಳೆಯದ್ದು ಭಾರ, ಅಮ್ಮನವರಿಗೆ ಬೇಡ.

ಇನ್ನೊಂದು, ಹಿಂದೆ ಮುಂದೆ ಆಡಿಸುವ ಹಿಡಿಯದ್ದು. ಪೂರ್ತಿ ಸುತ್ತಬೇಕಾಗಿಲ್ಲ. ಹಿಡಿಯನ್ನು ಆಚೆ ಈಚೆ ತಳ್ಳಿದರೆ ಒಳಗಿನ ರ‍್ಯಾಚೆಟ್ ಹಲ್ಲನ್ನು ಮುಂದಕ್ಕೇ ತಿರುಗಿಸುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಕೂನ್ ರಿಕಾನ್ ಅಂಥದ್ದೊಂದು ಮಾಡುತ್ತದೆ, ಹಲ್ಲು ಸೆರಾಮಿಕ್. ಬೆರಳು ಮಡಿಸಲು ಆಗದಿದ್ದರೂ ಅಂಗೈಯಿಂದ ತಳ್ಳಬಹುದು. ನೋವು ಜಾಸ್ತಿ ಇದ್ದರೆ ನಾನು ಇದನ್ನೇ ಹೇಳುತ್ತೇನೆ, ಸ್ಟೀಲ್ ಹಲ್ಲಿನ ಮೋಹ ಬಿಟ್ಟು.

ಯಾವುದೇ ಆದರೂ ಅಮ್ಮನವರ ಕೈಗೇ ಕೊಟ್ಟು ನೋಡಿ. ಮೈ ಅಂಗೈ ತುಂಬುವಷ್ಟು ದಪ್ಪ ಇರಬೇಕು. ತೆಳ್ಳಗಿನ ನುಣುಪು ಸ್ಟೀಲ್ ಮೈ ಒದ್ದೆ ಕೈಗೆ ಜಾರುತ್ತದೆ, ಹಿಡಿದುಕೊಳ್ಳಲು ಬೆರಳು ಬಿಗಿಯಬೇಕಾಗುತ್ತದೆ. ಆಗ ತೋಳು ಇದ್ದೂ ಏನು ಬಂತು?

ಅಡುಗೆಮನೆ ಕಿಟಕಿ

ಫಿಟ್ಟರ್ ಸರ್, ತುಂಬಾ ಥ್ಯಾಂಕ್ಸ್. ತಲೆ ಅಲ್ಲಾಡಿಸಿ ನೋಡಿದೆ. ನೀವು ಹೇಳಿದ ಹಾಗೇ ತಲೆ ಮಾತ್ರ ಆಡುತ್ತದೆ, ಹಲ್ಲು ಅಲುಗುವುದಿಲ್ಲ. ಅಯಸ್ಕಾಂತವೂ ಅಂಟಲಿಲ್ಲ. ಸರಿ ಬಿಡಿ.

ಎರಡು ಗ್ರೈಂಡರ್ ಇಡೋಣ ಎಂದುಕೊಂಡಿದ್ದೇನೆ. ಅಮ್ಮನಿಗೆ ಆಡಿಸುವ ಹಿಡಿಯದ್ದು, ಒಲೆ ಪಕ್ಕಕ್ಕೆ ಬುಡದಲ್ಲಿ ತಿರುಪು ಇರುವ ಸ್ಟೀಲ್ ಹಲ್ಲಿನದು. ಇನ್ನೊಂದಿಷ್ಟು ಕೇಳಲಾ? ಉಪ್ಪಿನ ಗ್ರೈಂಡರ್ ನಿಜವಾಗಿ ಬೇಕಾ? ಕಾಳು ತುಂಬಿಕೊಂಡೇ ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿ ಗ್ರೈಂಡರ್ ಹೇಗೆ? ಮತ್ತೆ ತೊಳೆಯುವುದು ಹೇಗೆ? ಹಳೆಯದರ ಅಡಿಯಲ್ಲಿ ಪುಡಿ ಗಟ್ಟಿಯಾಗಿ ಕೂತಿತ್ತು, ಒಂದು ಸಲ ನೀರಿನಲ್ಲಿ ನೆನೆಸೋಣ ಎಂದು ಅಮ್ಮ ಹೇಳಿದರು, ನಾನು ತಡೆದೆ.

ಹಳೇ ಫಿಟ್ಟರ್

ತಡೆದಿದ್ದು ಒಳ್ಳೆಯದಾಯಿತು. ಸ್ಟೀಲ್ ಹಲ್ಲಿಗೆ ನೀರು ತಗುಲಿದರೆ ತುಕ್ಕು, ಮರಕ್ಕೆ ತಗುಲಿದರೆ ಉಬ್ಬು. ಉಬ್ಬಿದ ಮರ ಒಳಗಿನ ಸರಳನ್ನು ಹಿಡಿದುಕೊಂಡರೆ ಒಣಗಿದ ಮೇಲೂ ಸಲೀಸಾಗಿ ತಿರುಗುವುದಿಲ್ಲ.

ಆ ಗಟ್ಟಿ ಪುಡಿ ಬಂದಿದ್ದು ಹಬೆಯಿಂದ. ಕುದಿಯುವ ಪಾತ್ರೆಯ ಮೇಲೆ ಗ್ರೈಂಡರ್ ಹಿಡಿದು ತಿರುಗಿಸುತ್ತೀರಿ, ಹಬೆ ನೇರ ಹಲ್ಲಿನೊಳಗೆ ಹೋಗುತ್ತದೆ. ಒಳಗಿರುವ ಪುಡಿ ಒದ್ದೆಯಾಗಿ ಅಂಟುತ್ತದೆ, ಆಮೇಲೆ ಒಣಗಿ ಗಾರೆಯಾಗುತ್ತದೆ. ಸಣ್ಣ ಬಟ್ಟಲಿಗೆ ಅರೆದುಕೊಂಡು ಆಮೇಲೆ ಪಾತ್ರೆಗೆ ಹಾಕಿ. ಎಷ್ಟು ಹಾಕಿದೆವು ಎಂದೂ ಕಣ್ಣಿಗೆ ಕಾಣುತ್ತದೆ. ಘಮ ಬೇಕಿದ್ದರೆ ಒಲೆ ಆರಿಸಿದ ಮೇಲೆ ಹಾಕಿ. ಕುದಿಯುವಾಗಲೇ ಹಾಕಿದರೆ ಖಾರ ಉಳಿಯುತ್ತದೆ, ಘಮ ಹೋಗುತ್ತದೆ.

ತೊಳೆಯುವುದು ಅಂತ ಏನೂ ಇಲ್ಲ. ತರಿ ಅಳತೆಗೆ ಇಟ್ಟು, ತಲೆಕೆಳಗು ಮಾಡಿ, ಒಣ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸಂದಿಯಲ್ಲಿ ಕೂತಿದ್ದನ್ನು ಮರದ ಕಡ್ಡಿಯಿಂದ ತೆಗೆಯಿರಿ. ಅಷ್ಟಕ್ಕೂ ಹೋಗದಿದ್ದರೆ ಕಾಳು ತೆಗೆದು ಒಂದು ಚಮಚ ಒಣ ಅಕ್ಕಿ ಹಾಕಿ ತರಿಯಾಗಿ ಅರೆಯಿರಿ, ಅಂಟಿದ್ದನ್ನು ಎಳೆದುಕೊಂಡು ಬರುತ್ತದೆ. ಎಣ್ಣೆ ಮಾತ್ರ ಬಿಡಬೇಡಿ. ಕಿರ್ ಎಂದರೂ ಬೇಡ. ಪುಡಿ ಎಣ್ಣೆಗೆ ಅಂಟಿ ಇನ್ನೂ ಕೆಡುತ್ತದೆ, ಆ ಎಣ್ಣೆ ಊಟಕ್ಕೂ ಬೀಳುತ್ತದೆ.

ಉಪ್ಪಿನ ಗ್ರೈಂಡರ್ ಬೇಡ ಎಂದೇ ನನ್ನ ಅಭಿಪ್ರಾಯ. ಉಪ್ಪು ಖನಿಜ, ಅದರಲ್ಲಿ ಹಾರಿಹೋಗುವ ಘಮ ಇಲ್ಲ. ಈಗ ಅರೆದರೂ ಹೋದ ವರ್ಷ ಅರೆದರೂ ರುಚಿ ಅದೇ. ಹರಳಿನ ಗಾತ್ರ ಬದಲಿಸಲು ಬೇಕಾದರೆ ಇಟ್ಟುಕೊಳ್ಳಿ, ಸೆರಾಮಿಕ್ ಹಲ್ಲಿನದ್ದು. ಒದ್ದೆ ಉಪ್ಪು ಅದರಲ್ಲೂ ಕಚ್ಚಿಕೊಳ್ಳುತ್ತದೆ. ಮೆಣಸಿನ ಸ್ಟೀಲ್ ಗ್ರೈಂಡರಿಗೆ ಮಾತ್ರ ಒಂದು ಹರಳೂ ಹಾಕಬೇಡಿ.

ಬಾಟಲಿ ಗ್ರೈಂಡರ್. ಅದರ ಹಲ್ಲೂ ಪ್ಲಾಸ್ಟಿಕ್ಕೇ ಇರುತ್ತದೆ. ಗಟ್ಟಿ ಕಾಳನ್ನು ಪ್ಲಾಸ್ಟಿಕ್ ಅರೆಯುವಾಗ ಪ್ಲಾಸ್ಟಿಕ್ಕೂ ಸವೆಯುತ್ತದೆ. ಸವೆದದ್ದು ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಪ್ರಯಾಣಕ್ಕೆ ಒಂದು ಸಲ ಸರಿ. ಮತ್ತೆ ಮತ್ತೆ ತುಂಬಿ ಬಳಸುವ ಸಾಮಾನು ಅದಲ್ಲ.

ತುಂಬುವ ಬಾಯಿ ಅಗಲ ಇದೆಯೇ ನೋಡಿ. ಕೆಲವಕ್ಕೆ ಬೆರಳೂ ಹೋಗದಷ್ಟು ಬಾಯಿ, ಅದರಲ್ಲೂ ಅರ್ಧ ಜಾಗ ಸರಳಿಗೇ ಹೋಗಿರುತ್ತದೆ. ಅರ್ಧ ಕಾಳು ನೆಲಕ್ಕೆ. ಕಾಳಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ತೆಲ್ಲಿಚೆರಿ ಎಂದು ಮಾರುವ ದಪ್ಪ ಕಾಳು ಗಾತ್ರದ ಮೇಲೆ ವಿಂಗಡಿಸಿದ್ದು. 4.25 ಮಿಲಿಮೀಟರ್ ದಾಟಿದ್ದು ಒಂದು ದರ್ಜೆ, 4.75 ದಾಟಿದ್ದು ಇನ್ನೂ ದೊಡ್ಡ ದರ್ಜೆ. ಘಮ ಚೆನ್ನಾಗಿರುತ್ತದೆ, ಆದರೆ ಸಣ್ಣ ಹಲ್ಲಿನ ಗ್ರೈಂಡರಿನಲ್ಲಿ ಆ ಕಾಳು ಮೇಲಿನ ಗೆರೆಯೊಳಗೆ ಇಳಿಯುವುದೇ ಇಲ್ಲ. ಹಿಡಿ ಸಲೀಸಾಗಿ ತಿರುಗುತ್ತದೆ, ಕೆಳಗೆ ಏನೂ ಬೀಳುವುದಿಲ್ಲ. ಗ್ರೈಂಡರ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಸ್ವಲ್ಪ ಸಣ್ಣ ಕಾಳು ಬೆರೆಸಿ ನೋಡಿ.

ಅಂಗಡಿಯಲ್ಲಿ ಅರೆದು ನೋಡಲು ಬಿಟ್ಟರೆ ಒಂದು ಟೀ ಚಮಚ ತುಂಬಲು ಎಷ್ಟು ಸುತ್ತು ಬೇಕು ಎಣಿಸಿ. ಒಂದು ಟೀ ಚಮಚ ಪುಡಿ ಎಂದರೆ ಸುಮಾರು 2.3 ಗ್ರಾಂ. ಎರಡು ಗ್ರೈಂಡರನ್ನು ಒಂದೇ ನುಣುಪಿಗೆ ಇಟ್ಟು ಎಣಿಸಿದರೆ ವ್ಯತ್ಯಾಸ ಎಷ್ಟೆಂದು ಕೈಗೇ ಗೊತ್ತಾಗುತ್ತದೆ.

ಬಣ್ಣದ ಡಬ್ಬಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಪ್ಪು, ಬಿಳಿ, ಹಸಿರು, ಗುಲಾಬಿ ನಾಲ್ಕೂ ಬೆರೆಸಿದ ಕಾಳು ಬರುತ್ತದಲ್ಲ, ನೋಡಲು ಚೆಂದ ಎಂದು ಗಾಜಿನ ಗ್ರೈಂಡರಿಗೆ ಅದನ್ನೇ ತುಂಬಿದ್ದೆ. ಈಗ ಹಿಡಿ ತಿರುಗುತ್ತದೆ, ಪುಡಿ ಬರುತ್ತಿಲ್ಲ. ಅಡಿಯಲ್ಲಿ ಏನೋ ಅಂಟಂಟು. ಗ್ರೈಂಡರ್ ಹೊಸದು, ಸ್ಟೀಲ್ ಹಲ್ಲು. ಎಸೆಯಬೇಕಾ?

ಹಳೇ ಫಿಟ್ಟರ್

ಎಸೆಯಬೇಡಿ. ಕಿತಾಪತಿ ಗುಲಾಬಿ ಕಾಳಿನದು. ಅದು ಮೆಣಸೇ ಅಲ್ಲ, ಬೇರೆ ಜಾತಿಯ ಮರದ ಹಣ್ಣು. ಮೇಲೆ ತೆಳ್ಳನೆ ಸಿಪ್ಪೆ, ಒಳಗೆ ಅಂಟು. ಮೆಣಸಿನ ಹಾಗೆ ಒಡೆಯದೆ ಚಪ್ಪಟೆಯಾಗಿ ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಕಪ್ಪು, ಬಿಳಿ, ಹಸಿರು ಮೂರೂ ಒಂದೇ ಬಳ್ಳಿಯವು, ಒಣಗಿದ್ದರೆ ತೊಂದರೆ ಇಲ್ಲ. ಹಸಿರಿನಲ್ಲಿ ಉಪ್ಪುನೀರಿನಲ್ಲಿ ನೆನೆಸಿಟ್ಟದ್ದೂ ಸಿಗುತ್ತದೆ, ಅದನ್ನು ಗ್ರೈಂಡರಿಗೆ ಹಾಕಲೇಬೇಡಿ.

ಕಾಳು ಪೂರ್ತಿ ಹೊರಗೆ ಸುರಿಯಿರಿ. ಅಳತೆಯನ್ನು ಎಷ್ಟು ಹೋಗುತ್ತದೋ ಅಷ್ಟು ತರಿಗೆ ತಿರುಗಿಸಿ. ತಲೆಕೆಳಗು ಹಿಡಿದು ಬುಡವನ್ನು ಅಂಗೈಗೆ ತಟ್ಟುತ್ತಾ ಹಿಂದಕ್ಕೆ ಸ್ವಲ್ಪ, ಮುಂದಕ್ಕೆ ಸ್ವಲ್ಪ ಆಡಿಸಿ. ಮೆತ್ತಿದ್ದು ಸಡಿಲವಾದ ಮೇಲೆ ಕಡ್ಡಿ, ಬ್ರಷ್. ಆಮೇಲೆ ಒಣ ಅಕ್ಕಿ. ಕೊನೆಗೆ ಸ್ವಲ್ಪ ಕಪ್ಪು ಕಾಳು ಅರೆದು ಆ ಪುಡಿಯನ್ನು ಬಿಸಾಡಿ, ಅಕ್ಕಿ ಹಿಟ್ಟು ಹೋಗಲಿ.

ಸುರಿದ ಕಾಳಿನಿಂದ ಗುಲಾಬಿಯದನ್ನು ಆರಿಸಿ ಬೇರೆ ಡಬ್ಬಿಗೆ ಹಾಕಿಡಿ. ಅದಕ್ಕೆ ಗ್ರೈಂಡರೇ ಬೇಕಾಗಿಲ್ಲ, ಎರಡು ಬೆರಳಿನ ನಡುವೆ ಒತ್ತಿದರೂ ನುರಿಯುತ್ತದೆ.